ದೊಡ್ಡ ಬಿಸಿನೆಸ್ ಜೆಟ್ ಸಾಕುವ ಖರ್ಚು: ಲೆಕ್ಕ ಎಲ್ಲಿಂದ ಶುರು ಮಾಡಬೇಕು

ಕಾರವಾರದ ಟಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್ 142 ವಿಮಾನ ನಿಲ್ಲಿಸಿದ್ದಾರಲ್ಲ, ಅದರ ರೆಕ್ಕೆಯ ನೆರಳಲ್ಲಿ ನಿಂತು ಪರಿಚಯದ ಗುತ್ತಿಗೆದಾರರೊಬ್ಬರು ನನ್ನನ್ನು ಕೇಳಿದರು. "ಅಕ್ಕಾ, ಲಂಡನ್ನಿಗೆ ಎಲ್ಲೂ ಇಳಿಯದೆ ಹೋಗೋ ಪ್ರೈವೇಟ್ ಜೆಟ್ ಇಟ್ಕೊಂಡ್ರೆ ಗಂಟೆಗೆ ಎಷ್ಟು ಬೀಳ್ತದೆ?"

ತಮಾಷೆಗೆ ಕೇಳಿದ್ದಲ್ಲ. ಅವರ ಫೋನಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಲ್ಫ್‌ಸ್ಟ್ರೀಮ್ ಜಿ550 ವಿಮಾನದ ಫೋಟೋ ಇತ್ತು. ಇಬ್ಬರು ಪಾಲುದಾರರು ರೆಡಿ ಇದ್ದಾರಂತೆ.

ನಾನು ಕಾರವಾರದ ಬೈತಖೋಲದವಳು. ಅಪ್ಪನದು ಟ್ರಾಲ್ ಬೋಟ್. ಬಿಕಾಂ ಮುಗಿಸಿ ಮುಂಬೈಗೆ ಹೋದೆ. ಅಲ್ಲಿ ಚಾರ್ಟರ್, ಅಂದರೆ ಬಾಡಿಗೆ ವಿಮಾನದ ಒಂದು ಕಂಪನಿಯಲ್ಲಿ 19 ವರ್ಷ ಆಪರೇಶನ್ಸ್ ಟೇಬಲ್ಲಿನಲ್ಲಿ ಕೂತು ಇದೇ ಲೆಕ್ಕ ಹಾಕಿದೆ. ಈಗ ವಾಪಸ್ ಊರಿಗೆ ಬಂದಿದ್ದೇನೆ. ಅವತ್ತು ಅವರಿಗೆ ಹೇಳಿದ್ದನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಬರೆಯುತ್ತೇನೆ. ವಿಮಾನ ಕೊಳ್ಳುವವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೋ, ಗೊತ್ತಿಲ್ಲ. ಲೆಕ್ಕ ಅರ್ಥವಾದರೆ ಬೋಟಿಗೂ ಜೆಸಿಬಿಗೂ ಆಗುತ್ತದೆ.

ಗಂಟೆಗೆ ಎಷ್ಟು ಅಂತ ಮೊದಲೇ ಕೇಳಬೇಡಿ. ವರ್ಷಕ್ಕೆ ಎಲ್ಲೆಲ್ಲಿಗೆ ಹೋಗುತ್ತೀರಿ ಅಂತ ಮೊದಲು ಬರೆಯಿರಿ. ಆಸೆಯ ಪಟ್ಟಿ ಬೇಡ. ಕಳೆದ ವರ್ಷ ನಿಜವಾಗಿ ಹೋದ ಊರುಗಳು. ಅವರ ಪಟ್ಟಿ ಹೀಗಿತ್ತು: ಲಂಡನ್ ಎರಡು ಸಲ, ನ್ಯೂಯಾರ್ಕ್ ಒಂದು ಸಲ, ದುಬೈ ತಿಂಗಳಿಗೊಮ್ಮೆ, ದೆಹಲಿ ಇಪ್ಪತ್ತು ಸಲ. ಹತ್ತುವುದು ಗೋವಾದಿಂದ. ಅಂಕೋಲದ ಅಲಗೇರಿ ವಿಮಾನ ನಿಲ್ದಾಣ ಆಗುವವರೆಗೂ ಕಾರವಾರದವರಿಗೆ ಗೋವಾನೇ ಗತಿ.

ಹೋಗಿ ಬರುವ ಗಂಟೆ ಹಾಕಿದೆವು. ಲಂಡನ್ ಒಂದು ಸುತ್ತಿಗೆ 19 ಗಂಟೆ, ಎರಡಕ್ಕೆ 38. ನ್ಯೂಯಾರ್ಕಿಗೆ 32. ದುಬೈ ಸುತ್ತಿಗೆ 6ರಂತೆ 72. ದೆಹಲಿ 5ರಂತೆ 100. ಒಟ್ಟು 242 ಗಂಟೆ.

"ಇಷ್ಟೇನಾ?" ಅಂದರು.

ಇಷ್ಟೇ ಅಲ್ಲ. ವಿಮಾನ ಎಲ್ಲಿ ಮಲಗುತ್ತದೆ ಅಂತ ಕೇಳಿದೆ. ಮುಂಬೈಯಲ್ಲಿ ಅಂತ ಏಜೆಂಟ್ ಹೇಳಿದ್ದರಂತೆ. ಹಾಗಿದ್ದರೆ ಪ್ರತಿ ಪ್ರಯಾಣಕ್ಕೂ ಅದು ಮುಂಬೈಯಿಂದ ಗೋವಾಕ್ಕೆ ಖಾಲಿ ಬರಬೇಕು. ಇವರನ್ನು ವಾಪಸ್ ಇಳಿಸಿ ಖಾಲಿ ಹೋಗಬೇಕು. ಒಂದೊಂದು ಗಂಟೆ ಹಿಡಿದರೂ 35 ಪ್ರಯಾಣಕ್ಕೆ 70 ಗಂಟೆ. ನಮ್ಮ ಲಾರಿಯವರು ರಿಟರ್ನ್ ಲೋಡ್ ಸಿಗದೆ ಖಾಲಿ ಬಂದರೆ ಬಾಡಿಗೆಯಲ್ಲಿ ಅದನ್ನೂ ಸೇರಿಸುವುದಿಲ್ವಾ, ಹಾಗೇ. ವಿಮಾನ ಹಾರುವುದು 312 ಗಂಟೆ, ಇವರು ಕೂತಿರುವುದು 242. ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆದಿಡಿ. ಕೊನೆಯಲ್ಲಿ ಭಾಗಿಸುವಾಗ ಬೇಕಾಗುತ್ತದೆ.

ಆಮೇಲೆ ವಿಮಾನದ ಬ್ರೋಷರ್ ತೆಗೆಯಿರಿ. ಜಿ550 ಬಗ್ಗೆ ಅದರಲ್ಲಿ ಏನಿದೆ ನೋಡೋಣ. ದೂರ 6,750 ನಾಟಿಕಲ್ ಮೈಲಿ, ಅಂದರೆ ಸುಮಾರು 12,500 ಕಿಲೋಮೀಟರ್. ಎತ್ತರ 51,000 ಅಡಿ. ಗರಿಷ್ಠ ವೇಗ ಮ್ಯಾಕ್ 0.885, ಅಂದರೆ ಶಬ್ದದ ವೇಗದ 0.885 ಪಾಲು. ಟೇಕಾಫಿಗೆ ಬೇಕಾದ ರನ್‌ವೇ ಸುಮಾರು 1,800 ಮೀಟರ್. ಹಿಂದುಗಡೆ ಎರಡು ರೋಲ್ಸ್ ರಾಯ್ಸ್ ಬಿಆರ್710 ಎಂಜಿನ್. 2003ರಿಂದ ಬಂದ ಮಾಡೆಲ್, 2021ರಲ್ಲಿ ತಯಾರಿ ನಿಂತಿತು. ಹಾಗಾಗಿ ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡೇ.

ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಎಲ್ಲವೂ ಒಂದೇ ದಿನ, ಒಂದೇ ವಿಮಾನದಲ್ಲಿ ಸಿಗುವುದಿಲ್ಲ. 12,500 ಕಿಲೋಮೀಟರ್ ಸಿಗುವುದು ಮ್ಯಾಕ್ 0.80ರಲ್ಲಿ, ಎಂಟು ಜನ ಕೂತಾಗ, ಗಾಳಿ ಇಲ್ಲದಾಗ. 0.85ಕ್ಕೆ ಏರಿಸಿದರೆ ದೂರ 6,000 ನಾಟಿಕಲ್ ಮೈಲಿಗೆ ಇಳಿಯುತ್ತದೆ. ಅಷ್ಟು ದೂರದ ಹಾರಾಟದಲ್ಲಿ ಉಳಿಯುವ ಸಮಯ ಮುಕ್ಕಾಲು ಗಂಟೆ. ಮುಕ್ಕಾಲು ಗಂಟೆಗೆ 750 ನಾಟಿಕಲ್ ಮೈಲಿ ಕೊಟ್ಟ ಹಾಗಾಯ್ತು. 51,000 ಅಡಿ ಕೂಡ ಹಾಗೇ. ಟ್ಯಾಂಕ್ ತುಂಬಿ ಹೊರಟಾಗ ಅಷ್ಟು ಮೇಲೆ ಹೋಗಲಾಗದು. 40,000ದ ಆಸುಪಾಸಿನಲ್ಲಿ ಶುರು ಮಾಡಿ, ಇಂಧನ ಸುಟ್ಟು ಹಗುರಾದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಈಗ ಮುಂಬೈ–ನ್ಯೂಯಾರ್ಕ್ ದೂರ ನೋಡಿ. ನೇರ ಗೆರೆ ಎಳೆದರೇ ಸುಮಾರು 12,550 ಕಿಲೋಮೀಟರ್. ಬ್ರೋಷರಿಗಿಂತ ಐವತ್ತು ಕಿಲೋಮೀಟರ್ ಜಾಸ್ತಿ. ಪಶ್ಚಿಮಕ್ಕೆ ಹೋಗುವಾಗ ಎದುರು ಗಾಳಿ, ಚಳಿಗಾಲದಲ್ಲಿ ಇನ್ನೂ ಜೋರು. ಅಂದರೆ ಈ ವಿಮಾನದಲ್ಲಿ ನ್ಯೂಯಾರ್ಕಿಗೆ ಒಂದು ಕಡೆ ಇಳಿದೇ ಹೋಗಬೇಕು. ನಾವು ಐರ್ಲೆಂಡಿನ ಶಾನನ್ ಹಾಕುತ್ತಿದ್ದೆವು. ಅಮೆರಿಕದ ಇಮಿಗ್ರೇಶನ್, ಕಸ್ಟಮ್ಸ್ ಎರಡೂ ಅಲ್ಲೇ ಮುಗಿಯುತ್ತದೆ, ಪ್ರೈವೇಟ್ ವಿಮಾನಗಳಿಗೂ. ಇಳಿಯಲೇಬಾರದು ಅಂತ ಹಟ ಇದ್ದರೆ 7,500 ನಾಟಿಕಲ್ ಮೈಲಿಯ ಜಿ650ಇಆರ್ ಅಥವಾ 7,700ರ ಬೊಂಬಾರ್ಡಿಯರ್ ಗ್ಲೋಬಲ್ 7500 ನೋಡಬೇಕು. ಬೆಲೆ ಬೇರೆ ಲೋಕದ್ದು. ವರ್ಷಕ್ಕೆ ಒಂದು ಸಲ ಶಾನನ್‌ನಲ್ಲಿ ಒಂದು ಗಂಟೆ ಕಾಲು ಚಾಚಲು ನನಗೆ ಬೇಸರವಿಲ್ಲ. ಅವರಿಗಿತ್ತು.

ತೂಕದ ಲೆಕ್ಕ ಯಾರೂ ಕೇಳುವುದಿಲ್ಲ, ಅದೇ ನನಗೆ ಆಶ್ಚರ್ಯ. ಕೂತು ಮಾಡಿ, ಐದು ನಿಮಿಷದ ಕೆಲಸ. ಜಿ550 ನೆಲದ ಮೇಲೆ ಹೊರಡುವಾಗ ಇರಬಹುದಾದ ಗರಿಷ್ಠ ತೂಕ ಸುಮಾರು 41,460 ಕಿಲೋ. ಸಿಬ್ಬಂದಿ, ಸೀಟು, ಅಡಿಗೆಮನೆ ಸೇರಿ ಹಾರಲು ಸಿದ್ಧವಾದ ಖಾಲಿ ವಿಮಾನದ ತೂಕ ಸುಮಾರು 21,910. ಟ್ಯಾಂಕ್ ತುಂಬ ಇಂಧನ 18,730. ಕಳೆಯಿರಿ. ಉಳಿಯುವುದು 820 ಕಿಲೋ ಅಷ್ಟೇ. ಬ್ಯಾಗು ಸೇರಿ ಒಬ್ಬರಿಗೆ 100 ಕಿಲೋ ಹಿಡಿದರೆ ಎಂಟು ಜನ. ಬ್ರೋಷರಿನಲ್ಲಿ ಎಂಟು ಜನ ಅಂತ ಯಾಕೆ ಬರೆದಿದ್ದಾರೆ ಅಂತ ಈಗ ಗೊತ್ತಾಯ್ತಲ್ಲ. ಸೀಟು 16 ಇರಬಹುದು, ಆದರೆ 16 ಜನ ಕೂತರೆ ಇಂಧನ ಇಳಿಸಬೇಕು, ದೂರ ಕಮ್ಮಿಯಾಗುತ್ತದೆ.

ನಾನು ಕಂಡ ಒಂದು ವಿಮಾನದ ಮಾಲೀಕರು ಬಾತ್‌ರೂಮಿಗೆ ಕಲ್ಲಿನ ಬೇಸಿನ್ ಹಾಕಿಸಿದರು. ಜೊತೆಗೆ ಗಟ್ಟಿ ಮರದ ಕಪಾಟು, ದಪ್ಪ ಕಾರ್ಪೆಟ್. ಕೆಲಸ ಮುಗಿದ ಮೇಲೆ ತೂಗಿದರೆ ವಿಮಾನ 140 ಕಿಲೋ ಏರಿತ್ತು. ಮುಂದಿನ ದೂರದ ಪ್ರಯಾಣದ ದಿನ ಲೋಡ್ ಶೀಟ್ ಮಾಡಿದವಳು ನಾನೇ. ಒಬ್ಬ ಭಾವಮೈದುನ ಮತ್ತು ಎರಡು ದೊಡ್ಡ ಸೂಟ್‌ಕೇಸ್ ಮುಂಬೈಯಲ್ಲೇ ಉಳಿದವು. ಬೇಸಿನ್ ಮಾತ್ರ ಹೋಯಿತು. ಹಾಗಾಗಿ ಹಳೆಯ ವಿಮಾನ ನೋಡುವಾಗ ಬ್ರೋಷರಿನ ತೂಕ ನಂಬಬೇಡಿ, ಆ ವಿಮಾನದ್ದೇ ಇತ್ತೀಚಿನ ತೂಕದ ಪತ್ರ ಕೇಳಿ.

ರನ್‌ವೇ ವಿಷಯ ಚಿಕ್ಕದು. 1,800 ಮೀಟರ್ ಅನ್ನುವುದು ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಚಳಿಯಲ್ಲಿ. ಕಾರವಾರದಲ್ಲಿ ಸಮುದ್ರ ಮಟ್ಟ ಇದೆ, 15 ಡಿಗ್ರಿ ಎಲ್ಲಿಂದ ತರುವುದು? ಬಿಸಿಲು ಏರಿದಂತೆ, ಊರು ಎತ್ತರವಾದಂತೆ ಓಟ ಉದ್ದವಾಗುತ್ತದೆ. ಬೆಂಗಳೂರು 3,000 ಅಡಿ ಮೇಲಿದೆ, ಆದರೆ ಅಲ್ಲಿ ರನ್‌ವೇ 4,000 ಮೀಟರ್, ಚಿಂತೆಯಿಲ್ಲ. ಗೋವಾದ ಮೋಪಾದಲ್ಲಿ 3,500. ಮಂಗಳೂರು ಗುಡ್ಡದ ತುದಿಯ ರನ್‌ವೇ, 2,450 ಮೀಟರ್. ಚಾರ್ಟರ್ ವಿಮಾನಕ್ಕೆ ರನ್‌ವೇಯ ಶೇಕಡಾ 60ರೊಳಗೆ ಇಳಿದು ನಿಲ್ಲುವ ಲೆಕ್ಕ ತೋರಿಸಬೇಕು, ಅಂದರೆ 1,470 ಮೀಟರ್. ಜಿ550ರ ಬ್ರೋಷರ್ ಲ್ಯಾಂಡಿಂಗ್ 844 ಮೀಟರ್, ಸಲೀಸು. ನಮ್ಮ ಮಳೆಗಾಲದ ಒದ್ದೆ ರನ್‌ವೇಗೆ ಇನ್ನೂ 15 ಶೇಕಡಾ ಸೇರಿಸಿ. ಆಗಲೂ ಆಗುತ್ತದೆ.

ಇಂಧನಕ್ಕೆ ಬರೋಣ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು.

ವಿಮಾನದವರು ಇಂಧನವನ್ನು ತೂಕದಲ್ಲಿ ಮಾತಾಡುತ್ತಾರೆ. ಪೈಲಟ್ ಪೌಂಡ್ ಅನ್ನುತ್ತಾರೆ, ಪ್ಲಾನಿನಲ್ಲಿ ಕಿಲೋ ಇರುತ್ತದೆ, ಬೌಸರ್ (ಇಂಧನದ ಟ್ಯಾಂಕರ್) ಲೀಟರಿನಲ್ಲಿ ಹಾಕುತ್ತದೆ, ಬಿಲ್ಲು ಕಿಲೋಲೀಟರಿನಲ್ಲಿ ಬರುತ್ತದೆ, ಹೊರದೇಶದಲ್ಲಿ ಗ್ಯಾಲನ್. ನಾನು ಸೇರಿದ ಎರಡನೇ ವರ್ಷ, 18 ಗಂಟೆಯ ಒಂದು ಪ್ರಯಾಣಕ್ಕೆ ಕೋಟ್ ಕೊಟ್ಟೆ. ಗಂಟೆಗೆ 1,200 ಕಿಲೋ ಅಂತ ಕ್ಯಾಪ್ಟನ್ ಹೇಳಿದ್ದರು. ನಾನು 1,200 ಲೀಟರ್ ಅಂತ ಗುಣಿಸಿಬಿಟ್ಟೆ. ವಿಮಾನದ ಇಂಧನ ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 800 ಗ್ರಾಂ. 1,200 ಕಿಲೋ ಅಂದರೆ 1,500 ಲೀಟರ್. ಗಂಟೆಗೆ 300 ಲೀಟರ್ ಕಮ್ಮಿ, 18 ಗಂಟೆಗೆ 5,400 ಲೀಟರ್. ಆಗಿನ ದರದಲ್ಲೇ ಮೂರು ಲಕ್ಷದ ಮೇಲೆ ಕಂಪನಿ ಕೈಯಿಂದ ಹೋಯಿತು. ಬಿಲ್ಲು ಬಂದ ದಿನ ಮ್ಯಾನೇಜರ್ ಏನೂ ಬೈಯಲಿಲ್ಲ. ಒಂದು ಲೀಟರ್ ಖಾಲಿ ಬಾಟಲಿ ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟು ಹೋದರು. ಮೇಲೆ ಸ್ಕೆಚ್ ಪೆನ್ನಿನಲ್ಲಿ 0.8 ಅಂತ ಬರೆದಿತ್ತು. ಆ ಬಾಟಲಿ ನಾನು ಬಿಟ್ಟು ಬರುವವರೆಗೂ ಅಲ್ಲೇ ಇತ್ತು.

ಹಾಗಾಗಿ ನೀವೇ ಒಮ್ಮೆ ತಾಳೆ ನೋಡಿ. ಪೂರ್ತಿ ಟ್ಯಾಂಕ್ 18,730 ಕಿಲೋ, ಇಳಿಯುವಾಗ ಒಂದೂವರೆ ಟನ್ ಮೀಸಲು ಉಳಿಯಬೇಕು. 6,750 ನಾಟಿಕಲ್ ಮೈಲಿಗೆ ಹಿಡಿಯುವುದು ಹದಿನಾಲ್ಕೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಭಾಗಿಸಿದರೆ ಗಂಟೆಗೆ 1,170 ಕಿಲೋ ಚಿಲ್ಲರೆ. ಲೀಟರಿಗೆ ತಂದರೆ 1,500ರ ಹತ್ತಿರ. ಇದು ಉದ್ದ ಹಾರಾಟದ ಸರಾಸರಿ. ಏರುವಾಗಲೇ ಜಾಸ್ತಿ ಕುಡಿಯುವುದು. ಗೋವಾ–ಮುಂಬೈಯಂಥ ಚಿಕ್ಕ ಹಾರಾಟದಲ್ಲಿ ಏರಿದ್ದೇ ಇಳಿಯಬೇಕು, ಹಾಗಾಗಿ ಅದಕ್ಕೆ ನಾನು ಗಂಟೆಗೆ 2,000 ಲೀಟರ್ ಹಿಡಿಯುತ್ತಿದ್ದೆ. ಎಟಿಎಫ್ (ವಿಮಾನದ ಇಂಧನ) ಕಿಲೋಲೀಟರಿಗೆ 95,000 ರೂಪಾಯಿ ಇಟ್ಟುಕೊಂಡರೆ ಉದ್ದ ಹಾರಾಟದ ಒಂದು ಗಂಟೆಗೆ ಒಂದೂವರೆ ಲಕ್ಷದೊಳಗೆ, ಸರಿಯಾಗಿ ಹೇಳಬೇಕೆಂದರೆ 1,42,500. ಎಟಿಎಫ್ ಇನ್ನೂ ಜಿಎಸ್‌ಟಿಗೆ ಸೇರಿಲ್ಲ, ರಾಜ್ಯಕ್ಕೊಂದು ವ್ಯಾಟ್. ಯಾವ ಊರಲ್ಲಿ ತುಂಬಿಸಬೇಕು ಅನ್ನುವುದೂ ಒಂದು ಲೆಕ್ಕವೇ.

ಎಂಜಿನ್ನಿಗೆ ಗಂಟೆ ಲೆಕ್ಕದ ಚಂದಾ ಇರುತ್ತದೆ. ರೋಲ್ಸ್ ರಾಯ್ಸ್‌ನವರದು ಕಾರ್ಪೊರೇಟ್‌ಕೇರ್. ಹಾರಿದ ಪ್ರತಿ ಗಂಟೆಗೆ ಇಷ್ಟು ಡಾಲರ್ ಕಟ್ಟುತ್ತಾ ಹೋದರೆ ಓವರ್‌ಹಾಲ್ ಬಂದಾಗ ಅವರೇ ನೋಡಿಕೊಳ್ಳುತ್ತಾರೆ. ಎರಡೂ ಎಂಜಿನ್ ಸೇರಿ ಗಂಟೆಗೆ ಸಾವಿರ ಡಾಲರ್ ಆಸುಪಾಸು ಇಟ್ಟುಕೊಳ್ಳಿ. ದುಬಾರಿ ಅನ್ನಿಸುತ್ತದೆ. ಆದರೆ ಚಂದಾ ಕಟ್ಟದ ಎಂಜಿನ್ ಇರುವ ವಿಮಾನವನ್ನು ಮಾರಲು ಹೋಗಿ ನೋಡಿ, ಬಂದವರು ಓವರ್‌ಹಾಲ್ ಖರ್ಚನ್ನು ನೇರ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ. ಬಾಲದಲ್ಲಿರುವ ಎಪಿಯು ಅನ್ನುವ ಚಿಕ್ಕ ಎಂಜಿನ್ ಬೇರೆ. ನೆಲದ ಮೇಲೆ ಎಸಿ, ಕರೆಂಟ್ ಕೊಡುವುದು ಅದೇ. ಮಾಲೀಕರು ಬರುವ ಮುಂಚೆ ಒಂದು ಗಂಟೆ ಕ್ಯಾಬಿನ್ ತಂಪು ಮಾಡಿಡಿ ಅಂದರೆ ಅದರ ಗಂಟೆ ಓಡುತ್ತದೆ, ವಿಮಾನದ್ದು ಓಡುವುದಿಲ್ಲ. ಇದನ್ನು ತುಂಬಾ ಜನ ಮರೆಯುತ್ತಾರೆ.

ಇಂಧನ, ಎಂಜಿನ್, ಬಿಡಿಭಾಗ, ಲ್ಯಾಂಡಿಂಗ್, ದಾರಿಯ ನ್ಯಾವಿಗೇಶನ್ ಶುಲ್ಕ, ಹ್ಯಾಂಡ್ಲಿಂಗ್ ಎಲ್ಲ ಸೇರಿ ಗಂಟೆಗೆ 4 ಲಕ್ಷ ಅಂತ ಇಟ್ಟುಕೊಂಡೆವು. ಇದು ಲೆಕ್ಕ ತೋರಿಸಲು ನಾನು ಹಿಡಿದ ಅಂಕಿ, ನಿಮ್ಮ ಕೋಟ್ ಬಂದಾಗ ಅದನ್ನು ಹಾಕಿ.

ಇಷ್ಟು ಹೇಳಿದಾಗ ಅವರ ಮುಖ ಸಡಿಲಾಯಿತು. 4 ಲಕ್ಷವಾದರೆ ಪರವಾಗಿಲ್ಲ ಅನ್ನುವ ಹಾಗೆ. ಆಗ ನಾನು ಅಪ್ಪನ ಬೋಟಿನ ಕಥೆ ತೆಗೆದೆ.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. 61 ದಿನ ಬೋಟ್ ಕಡಲಿಗಿಳಿಯುವುದಿಲ್ಲ. ಡೀಸೆಲ್ ಇಲ್ಲ, ಐಸ್ ಇಲ್ಲ. ಹಾಗಂತ ಖರ್ಚು ಇಲ್ವಾ? ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ತಾಂಡೇಲ (ಬೋಟ್ ನಡೆಸುವವನು) ಮುಂದಿನ ಸೀಸನ್ನಿಗೆ ಬೇರೆ ಬೋಟಿಗೆ ಹೋಗದಿರಲಿ ಅಂತ ಮುಂಗಡ ಕೊಡಬೇಕು. ಬಲೆ ಹೊಲಿಸಬೇಕು, ತಳಕ್ಕೆ ಬಣ್ಣ ಬಳಿಸಬೇಕು. ಆ ಎರಡು ತಿಂಗಳು ಅಪ್ಪ ಊಟಕ್ಕೆ ಕೂತಾಗ ಮಾತಾಡುತ್ತಿರಲಿಲ್ಲ. ವಿಮಾನಕ್ಕೆ ನಿಷೇಧದ ತಿಂಗಳು ಅಂತಿಲ್ಲ. ಹಾರದ ದಿನವೆಲ್ಲ ಅದಕ್ಕೆ ನಿಷೇಧವೇ.

ಆ ಖರ್ಚುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪೈಲಟ್‌ಗಳು ಮೊದಲು. ಇಬ್ಬರು ಸಾಲುವುದಿಲ್ಲ. ಹದಿನಾಲ್ಕು ಗಂಟೆಯ ಹಾರಾಟಕ್ಕೆ ಡ್ಯೂಟಿ ನಿಯಮದ ಪ್ರಕಾರ ಮೂವರೋ ನಾಲ್ವರೋ ಬೇಕು, ಮೇಲೆ ರಜೆ, ಕಾಯಿಲೆ. ಅವರನ್ನು ತರಬೇತಿಗೆ ಸಿಮ್ಯುಲೇಟರ್ ಇರುವಲ್ಲಿಗೆ ಕಳಿಸಬೇಕು. ಗಲ್ಫ್‌ಸ್ಟ್ರೀಮ್ ಊರು ಅಮೆರಿಕದ ಸವಾನ್ನಾ, ಅಲ್ಲೂ ಕಳಿಸಿದ್ದಿದೆ. ಟಿಕೆಟ್, ಹೋಟೆಲ್, ಫೀಸ್ ಎಲ್ಲ ಡಾಲರು. ಕ್ಯಾಬಿನ್ ಸಿಬ್ಬಂದಿ, ಎಂಜಿನಿಯರ್, ವಿಮೆ, ಪಾರ್ಕಿಂಗ್, ನ್ಯಾವಿಗೇಶನ್ ಡೇಟಾ, ಇಂಟರ್‌ನೆಟ್ ಚಂದಾ, ವಿಮಾನಯಾನ ನಿಯಂತ್ರಕ ಡಿಜಿಸಿಎಯ ಕಾಗದಪತ್ರ. ಕ್ಯಾಲೆಂಡರ್ ನೋಡಿ ಬರುವ ತಪಾಸಣೆಗಳೂ ಇದರಲ್ಲೇ. ಜಿ550ಕ್ಕೆ 96 ತಿಂಗಳಿಗೊಂದು ದೊಡ್ಡ ತಪಾಸಣೆ ಇದೆ, ವಿಮಾನವನ್ನು ಬಿಚ್ಚಿ ಹಾಕುತ್ತಾರೆ. ನೀವು ಹಾರಿ, ಬಿಡಿ, ತಿಂಗಳು ಎಣಿಸುತ್ತಾ ಹೋಗುತ್ತದೆ.

ಕರಾವಳಿಯವರಿಗೆ ಇನ್ನೊಂದು ಬಾಬ್ತು: ಉಪ್ಪು. ಗೋವಾದ ದಾಬೋಲಿಮ್ ನಿಲ್ದಾಣದಲ್ಲಿ ಎರಡು ರಾತ್ರಿ ನಿಂತ ವಿಮಾನದ ರೆಕ್ಕೆಯ ಮುಂದಿನ ಅಂಚಿನ ಮೇಲೆ ಬೆರಳು ಎಳೆದು ನಾಲಿಗೆಗೆ ಮುಟ್ಟಿಸಿ, ಗೊತ್ತಾಗುತ್ತದೆ. ನಮ್ಮ ಎಂಜಿನಿಯರ್ ಕೊಂಕಣಿ ಮಾತಾಡುವ ಗೋವಾದವರು. ಸಿಹಿನೀರಿನಲ್ಲಿ ತೊಳೆಸದೆ ಸಹಿ ಹಾಕುತ್ತಿರಲಿಲ್ಲ. ಮುಂಬೈಯ ಆಫೀಸಿನವರು ಸುಮ್ನೆ ಖರ್ಚು ಅಂತ ಗೊಣಗುತ್ತಿದ್ದರು. ನಾನು ಗೊಣಗಲಿಲ್ಲ. ಅಪ್ಪ ಬೋಟಿನ ಎಂಜಿನ್ನಿಗೆ ಸಿಹಿನೀರು ಹಾಯಿಸದೆ ಮನೆಗೆ ಬಂದದ್ದನ್ನು ನಾನು ನೋಡಿಲ್ಲ.

ಇದೆಲ್ಲಕ್ಕೂ ವರ್ಷಕ್ಕೆ 12 ಕೋಟಿ ಅಂತ ಇಟ್ಟುಕೊಳ್ಳಿ, ಇದೂ ಹಿಡಿದ ಅಂಕಿಯೇ. 400 ಗಂಟೆ ಹಾರಿದರೆ ಗಂಟೆಗೆ 3 ಲಕ್ಷ. 200 ಗಂಟೆ ಹಾರಿದರೆ 6 ಲಕ್ಷ. 100 ಹಾರಿದರೆ 12. ವಿಮಾನ ಅದೇ, ಪೈಲಟ್ ಅದೇ. ಗಂಟೆಗೆ ಎಷ್ಟು ಅಂತ ಮೊದಲೇ ಕೇಳಬೇಡಿ ಅಂದದ್ದು ಇದಕ್ಕೇ. ಇವರ ಲೆಕ್ಕ ಹೀಗೆ ಬಂತು: 312 ಗಂಟೆಗೆ 4 ಲಕ್ಷದಂತೆ ಹನ್ನೆರಡೂವರೆ ಕೋಟಿ, ಮೇಲೆ 12 ಕೋಟಿ, ಒಟ್ಟು ಇಪ್ಪತ್ತನಾಲ್ಕೂವರೆ. ಇದನ್ನು ಅವರು ಕೂತ 242 ಗಂಟೆಗೆ ಭಾಗಿಸಿ. ಗಂಟೆಗೆ 10 ಲಕ್ಷ ದಾಟಿತು.

ವಿಮಾನದ ಬೆಲೆ ಇನ್ನೂ ಸೇರಿಸಿಲ್ಲ. ಅವರಿಗೆ ಹೇಳಿದ್ದು 1.4 ಕೋಟಿ ಡಾಲರ್. ಡಾಲರಿಗೆ 88 ರೂಪಾಯಿ ಅಂದರೆ 123 ಕೋಟಿ. ಶೇಕಡಾ 9 ಬಡ್ಡಿ ಅಂದರೂ ವರ್ಷಕ್ಕೆ 11 ಕೋಟಿ. ಅದನ್ನೂ ಸೇರಿಸಿದರೆ ಗಂಟೆಗೆ ಹದಿನಾಲ್ಕೂವರೆ ಲಕ್ಷದ ಮೇಲೆ. ಐದು ವರ್ಷದ ನಂತರ ಮಾರುವಾಗ ಬೆಲೆ ಎಷ್ಟು ಇಳಿದಿರುತ್ತದೆ ಅನ್ನುವುದು ಬೇರೆ.

ತೆರಿಗೆಯಲ್ಲಿ ಎಚ್ಚರ. ಸ್ವಂತ ಬಳಕೆಗೆ ತರುವ ವಿಮಾನಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 40. ಇವರ ವಿಮಾನಕ್ಕೆ 49 ಕೋಟಿ. ಚಾರ್ಟರ್ ಲೈಸೆನ್ಸಿನಡಿ ತಂದರೆ ಶೇಕಡಾ 5. "ಹಾಗಾದರೆ ಚಾರ್ಟರ್ ಅಂತ ಹೆಸರು ಹಾಕಿಸಿ ನಾವೇ ಹಾರಿದರಾಯ್ತು" ಅಂತ ಪ್ರತಿಯೊಬ್ಬರೂ ಹೇಳುತ್ತಾರೆ, ಇವರೂ ಹೇಳಿದರು. ಹೆಸರಿಗೆ ಚಾರ್ಟರ್ ಇಟ್ಟುಕೊಂಡರೆ ಒಂದು ದಿನ ಕಸ್ಟಮ್ಸ್‌ನವರು ಬಂದು ಯಾರಿಗೆ ಬಾಡಿಗೆ ಕೊಟ್ಟಿರಿ, ಬಿಲ್ಲು ತೋರಿಸಿ ಅನ್ನುತ್ತಾರೆ. ನಿಜವಾಗಿ ಬಾಡಿಗೆಗೆ ಬಿಡುವುದಾದರೆ ಮಾತ್ರ ಆ ದಾರಿ ಹಿಡಿಯಿರಿ. ಆಗ ನಿಮಗೆ ಬೇಕಾದ ದಿನವೇ ಬಾಡಿಗೆಗೆ ಹೋಗಿರುತ್ತದೆ, ಅದೂ ನೆನಪಿರಲಿ.

ಈಗ ಮತ್ತೆ ಮೊದಲ ಪಟ್ಟಿಗೆ ಬನ್ನಿ. 242 ಗಂಟೆಯಲ್ಲಿ ದೆಹಲಿಯದು 100. ಗೋವಾದಿಂದ ದೆಹಲಿಗೆ ದಿನಾ ಎಷ್ಟೊಂದು ಮಾಮೂಲಿ ವಿಮಾನ ಇವೆ. ದುಬೈಯದು 72, ಅದಕ್ಕೆ ಇದರ ಅರ್ಧ ಗಾತ್ರದ ಜೆಟ್ ಸಾಕು. ಇಷ್ಟು ದೊಡ್ಡ ವಿಮಾನ ನಿಜಕ್ಕೂ ಬೇಕಾಗುವುದು ಲಂಡನ್, ನ್ಯೂಯಾರ್ಕಿನ 70 ಗಂಟೆಗೆ ಮಾತ್ರ. ಗಂಟೆಗೆ 10 ಲಕ್ಷದಂತೆ ಬಾಡಿಗೆ ಕೊಟ್ಟರೂ 7 ಕೋಟಿ, ಖಾಲಿ ಓಡಾಟ ಸೇರಿಸಿ 10 ಅನ್ನಿ. ಅವರು ಇದನ್ನು ಎರಡು ಸಲ ಫೋನಿನಲ್ಲಿ ಗುಣಿಸಿ ನೋಡಿದರು. ಆಮೇಲೆ ಟುಪೊಲೆವ್ ಕಡೆ ತಿರುಗಿ, "ಇದು ಎಷ್ಟು ವರ್ಷ ಹಾರಿತ್ತು ಅಕ್ಕಾ?" ಅಂದರು. ಮಾತು ಬದಲಿಸಿದರು ಅಂತ ಗೊತ್ತಾಯ್ತು. 1988ರಿಂದ 2017ರವರೆಗೆ ಅಂದೆ. ಮೊದಲು ಗೋವಾದಲ್ಲೇ ಇತ್ತು ಈ ಜಾತಿಯ ವಿಮಾನ, ಆಮೇಲೆ ಅರಕ್ಕೋಣಂಗೆ ಹೋಯಿತು.

ಆದರೂ ಕೊಳ್ಳಲೇಬೇಕು ಅಂದವರು ಕನಿಷ್ಠ ಇಷ್ಟನ್ನು ತರಿಸಿಕೊಂಡು ಓದಿ. ಪೂರ್ತಿ ಲಾಗ್‌ಬುಕ್, ಒಂದು ವರ್ಷದ್ದು ಕಾಣೆಯಾಗಿದ್ದರೂ ಆ ವಿಮಾನವೇ ಬೇಡ. ಎಂಜಿನ್ ಚಂದಾ ಬಾಕಿ ಇಲ್ಲ ಅನ್ನುವ ಪತ್ರ, ಮತ್ತು ಅದು ಹೊಸ ಮಾಲೀಕರ ಹೆಸರಿಗೆ ಬರುತ್ತದಾ ಅನ್ನುವುದು. ಮುಂದಿನ 96 ತಿಂಗಳ ತಪಾಸಣೆ ಯಾವಾಗ. ಅದು ಹತ್ತಿರ ಬಂದಾಗಲೇ ಎಷ್ಟೋ ಜನ ಮಾರುವುದು. ತೂಕದ ಪತ್ರ. ಹಳೆಯ ವಿಮಾನ ದೇಶಕ್ಕೆ ತರಲು ಡಿಜಿಸಿಎ ವಯಸ್ಸಿನ ಮಿತಿ ಇಟ್ಟಿದೆ, ಅಡ್ವಾನ್ಸ್ ಕೊಡುವ ಮುಂಚೆ ಅದನ್ನು ನೋಡಿ. ತಪಾಸಣೆಗೆ ಮಾರುವವರು ಹೇಳಿದ ಹ್ಯಾಂಗರಿಗೆ ಹೋಗಬೇಡಿ, ನೀವು ಹೇಳಿದಲ್ಲಿಗೆ ವಿಮಾನ ಬರಲಿ. ಆನೆ ಕೊಳ್ಳುವವರು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ ಇಲ್ಲಿ ಉಳಿಸಲು ನೋಡುವವರೇ ಜಾಸ್ತಿ.

ಮೊನ್ನೆ ರಾತ್ರಿ ಅವರಿಂದ ವಾಟ್ಸ್ಯಾಪಿನಲ್ಲಿ ಆ ವಿಮಾನದ ಕಾಗದದ ಮೊದಲ ಪುಟ ಬಂತು. ಕೆಳಗೆ "ಹೇಗಿದೆ ನೋಡಿ ಅಕ್ಕಾ" ಅಂತಿತ್ತು. ವಿಮಾನದ ಗಂಟೆ ಇದೆ, ಎರಡು ಎಂಜಿನ್ನಿನ ಗಂಟೆ ಇದೆ, ಲ್ಯಾಂಡಿಂಗ್ ಸಂಖ್ಯೆ ಇದೆ. ಎಪಿಯು ಕಾಲಂ ಖಾಲಿ. ಮೊದಲು ಅದನ್ನು ಕೇಳಿ ಅಂತ ಬರೆದು ಮಲಗಿದೆ.